ಕೊಕ್ಕೆ ಸಾಹೇಬರಿಗೆ ಒಂದು ತಪ್ಪು ಬೇಕು

ನನ್ನ ಗಂಡ ತೀರಿಕೊಂಡ ಮೇಲೆ ಅವರ ಆಫೀಸಿನಿಂದ ಒಂದು ವರದಿ ಬಂತು. ಅವರು ತುಂಬ ಒಳ್ಳೆಯವರಾಗಿದ್ದರು ಎಂದು ಅದರಲ್ಲಿ ಬರೆದಿತ್ತು. ಕೇಳಿ ನನಗೆ ಮೈ ಉರಿಯಿತು. ಅದನ್ನು ತಿದ್ದಿಸಲೇಬೇಕು ಎಂದು ಹೊರಟೆ. ಗಂಡನ ತಪ್ಪು ಬರೆಸಲು ಆಫೀಸಿನ ಮೆಟ್ಟಿಲು ಹತ್ತಿದ ಹೆಂಗಸು ನಾನೊಬ್ಬಳೇ ಇರಬೇಕು.

ಅವರು ಎಂಥ ಮನುಷ್ಯ ಎಂದು ಮೊದಲು ಹೇಳುತ್ತೇನೆ.

ಗಡಿಯಾರ ರಿಪೇರಿ ಮಾಡುವವರ ಮಗ. ಆದರೂ ಹುಟ್ಟಿದಾಗಿನಿಂದ ಎಲ್ಲಿಗೂ ಸಮಯಕ್ಕೆ ಹೋದವರಲ್ಲ. ಮದುವೆಗೂ ತಡವಾಗಿ ಬಂದರು. ಬಂದವರು ಕ್ಷಮೆ ಕೇಳಲಿಲ್ಲ. "ಊಟದ ಹೊತ್ತಿಗೆ ಬಂದಿದ್ದೀನಲ್ಲ" ಎಂದರು.

ಸರ್ಕಾರಿ ಕೆಲಸದಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ಮೇಲಿನ ಸಾಹೇಬರು ತಮ್ಮ ಕೆಳಗಿನವರ ಬಗ್ಗೆ ವರದಿ ಬರೆಯುತ್ತಾರೆ. ಇವನು ಹೇಗೆ ಕೆಲಸ ಮಾಡಿದ, ಇವಳು ಹೇಗೆ ಮಾಡಿದಳು, ದರ್ಜೆ ಅತ್ಯುತ್ತಮವೋ ಉತ್ತಮವೋ ಸಾಧಾರಣವೋ. ಬಡ್ತಿ ಸಿಗುವುದೂ ತಪ್ಪುವುದೂ ಅದರ ಮೇಲೆ. ಸಾಹೇಬರಿಗೆ ಬೇಕಾದವನು ಅತ್ಯುತ್ತಮ, ಬೇಡವಾದವನು ಸಾಧಾರಣ. ಹೀಗಾಗಬಾರದು, ಹೊರಗಿನವರು ಯಾರಾದರೂ ನೋಡಬೇಕು ಎಂದು ಒಂದು ಪರಿಶೀಲನಾ ಮಂಡಳಿ ಮಾಡಿದರು. ಯಾವ ಇಲಾಖೆಗೂ ಸೇರದ ಮಂಡಳಿ. ನಮ್ಮ ಯಜಮಾನರು ಅಲ್ಲಿ ಪರಿಶೀಲಕರು. ಆಫೀಸಿಂದ ಆಫೀಸಿಗೆ ಹೋಗಿ, ಬರೆದ ವರದಿ ನಿಜವೋ ಬುರುಡೆಯೋ ನೋಡುವುದು ಅವರ ಕೆಲಸ. ಅಂದರೆ ಬೇರೆಯವರ ಮನೆಯ ಅಡುಗೆಗೆ ಉಪ್ಪು ಹೆಚ್ಚಾಯಿತು ಎಂದು ಹೇಳಿ ಬರುವ ಕೆಲಸ. ಅದಕ್ಕೆ ಅವರು ಹೇಳಿ ಮಾಡಿಸಿದ ಹಾಗಿದ್ದರು.

ಮದುವೆಯಾದ ಹೊಸತರಲ್ಲಿ ನಾನು ಅಡುಗೆ ಮಾಡಿ ಬಡಿಸಿದೆ. ಅವರು ಉಂಡರು. ಕೈ ತೊಳೆದರು. "ಎಣ್ಣೆ ಜಾಸ್ತಿ" ಎಂದರು. ನಾನು ಸೌಟು ಎಸೆದೆ. ಅದು ಗೋಡೆಗೆ ಬಡಿದು ಬಿತ್ತು. ಅವರು ಬಗ್ಗಿ ಸೌಟು ಎತ್ತಿಕೊಟ್ಟು, "ಗುರಿಯೂ ಸರಿ ಇಲ್ಲ" ಎಂದರು.

ನನಗೆ ಅಳು ಬರಬೇಕಿತ್ತು. ನಗು ಬಂತು.

"ನಿಮಗೆ ತಪ್ಪು ಹುಡುಕೋದು ಬಿಟ್ರೆ ಬೇರೇನೂ ಬರಲ್ವಾ?" ಎಂದು ಕೇಳಿದೆ.

"ನೀನೂ ಹುಡುಕು. ಬೇಡ ಅಂದೋರ್ಯಾರು?"

"ಗೊರಕೆ ಹೊಡೀತೀರ. ಮರ ಕೊಯ್ದ ಹಾಗೆ."

"ಹೌದಾ?" ಅವರ ಮುಖ ಅರಳಿತು. "ನೋಡು, ಇಷ್ಟು ವರ್ಷ ಒಬ್ರೂ ಹೇಳಿರಲಿಲ್ಲ!"

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಆಫೀಸುಗಳಲ್ಲಿ ವರದಿ ಬರೆಯುವ ಕಾಲ ಬಂದಾಗ ನಾವೂ ಒಂದು ರಜಾ ದಿನ ಊಟ ಮುಗಿಸಿ ಅಡುಗೆ ಮನೆಯಲ್ಲಿ ಎದುರುಬದುರು ಕೂರುತ್ತಿದ್ದೆವು. ಒಂದು ವರ್ಷ ಅವರು ಮೊದಲು, ಮರುವರ್ಷ ನಾನು ಮೊದಲು. ಬರಹ ಇಲ್ಲ, ಎಲ್ಲ ಬಾಯಲ್ಲೇ. ಹೇಳುವವರು ಮುಚ್ಚಿಡಬಾರದು, ಕೇಳುವವರು ಎದ್ದು ಹೋಗಬಾರದು. ನಾನು ಒದ್ದೆ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕುತ್ತೇನಂತೆ. ಅವರ ತಂಗಿ ಬಂದರೆ ಮುಖ ಊದಿಸುತ್ತೇನಂತೆ. ಕೇಳಿದ್ದಕ್ಕೆ ಉತ್ತರ ಕೊಡದೆ ಪಾತ್ರೆ ಕುಕ್ಕುತ್ತೇನಂತೆ. ನಾನೂ ಬಿಡುತ್ತಿರಲಿಲ್ಲ. ನನ್ನ ಪಟ್ಟಿ ಮುಗಿಯುವಷ್ಟರಲ್ಲಿ ಸಂಜೆಯ ಚಹಾ ಕುದಿಯುತ್ತಿತ್ತು.

ಕೊನೆಗೆ ಅವರು, "ದರ್ಜೆ?" ಎಂದು ಕೇಳುತ್ತಿದ್ದರು.

"ಸಾಧಾರಣ."

"ಬರೋ ವರ್ಷ ಸುಧಾರಿಸ್ಕೋತೀನಿ."

ಒಂದು ವರ್ಷವೂ ಸುಧಾರಿಸಲಿಲ್ಲ.

ಆಫೀಸುಗಳಲ್ಲೂ ಅವರದು ಇದೇ ವರಸೆ. ಹೋದ ಕಡೆ ಸಾಹೇಬರ ಎದುರು ಕೂತು, ಬರೆದ ವರದಿಗಳನ್ನೆಲ್ಲ ಮಗುಚಿ ಇಡಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ತೋರಿಸಿ, "ಈ ಮನುಷ್ಯಂದು ಒಂದು ತಪ್ಪು ಹೇಳಿ" ಎನ್ನುತ್ತಿದ್ದರು.

"ತಪ್ಪೇ ಇಲ್ಲ ಸಾರ್. ಬಂಗಾರದಂಥವನು."

"ಹಾಗಾದ್ರೆ ನೀವು ಅವನನ್ನ ನೋಡೇ ಇಲ್ಲ. ನೋಡಿ, ಆಮೇಲೆ ಬರೀರಿ."

ವರದಿ ವಾಪಸ್ಸು. ಬರೀ ತಪ್ಪನ್ನೇ ಬರೆದಿದ್ದರೂ ವಾಪಸ್ಸು. "ಒಳ್ಳೇದು ಒಂದೂ ಕಾಣಲಿಲ್ವಾ? ಹಾಗಾದ್ರೆ ನೀವು ನೋಡಿದ್ದು ಅವನನ್ನಲ್ಲ, ನಿಮ್ಮ ಸಿಟ್ಟನ್ನ" ಎನ್ನುತ್ತಿದ್ದರು. ಹೀಗೆ ಎಲ್ಲದಕ್ಕೂ ಕೊಕ್ಕೆ ಹಾಕಿ ಹಾಕಿ ಅವರ ಹೆಸರೇ ಕೊಕ್ಕೆ ಸಾಹೇಬರು ಎಂದಾಯಿತು. ಅವರು ಬರುತ್ತಾರೆ ಎಂದರೆ ಆಫೀಸಿನ ಬೆಕ್ಕು ಕೂಡ ಎದ್ದು ಕೆಲಸ ಇದ್ದ ಹಾಗೆ ಓಡಾಡುತ್ತಿತ್ತಂತೆ. ಇದು ಅವರೇ ಹೇಳಿದ್ದು. ಅರ್ಧ ಕಳೆದು ನಂಬಿ.

ಜನ ಚಾಲಾಕಿಗಳು. ತಪ್ಪು ಬೇಕು ತಾನೇ ಎಂದು ಯಾರಿಗೂ ಪೆಟ್ಟಾಗದ ಒಂದು ತಪ್ಪು ಹುಡುಕಿದರು. ಒಂದು ಆಫೀಸಿನಲ್ಲಿ ಎಲ್ಲರ ವರದಿಯಲ್ಲೂ ಒಂದೇ ಮಾತು ಇತ್ತು. ಅದನ್ನು ಅವರು ಮನೆಗೆ ಬಂದು ನಾಟಕದವರ ಹಾಗೆ ಹೇಳಿ ತೋರಿಸುತ್ತಿದ್ದರು. "ಇವರು ಮೃದುಭಾಷಿ, ವಿಧೇಯ, ಸಮಯಪಾಲಕ. ಮೇಲಧಿಕಾರಿಗಳಿಗೆ ಎಂದೂ ಎದುರಾಡಿದವರಲ್ಲ. ಒಂದೇ ಕೊರತೆ ಎಂದರೆ, ಕೆಲಸದ ಭರದಲ್ಲಿ ತಮ್ಮ ಆರೋಗ್ಯದ ಕಡೆ ಗಮನ ಕೊಡುವುದಿಲ್ಲ."

ಇಡೀ ಆಫೀಸಿಗೇ ಆರೋಗ್ಯ ಇಲ್ಲ! ಇವರು ನೋಡಲು ಹೋದರು. ಬಾಗಿಲಲ್ಲಿ ಒಬ್ಬ ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದ. ಒಳಗೆ ಒಬ್ಬ ಬೀರುವನ್ನು ಒಂಟಿ ಕೈಯಲ್ಲಿ ಸರಿಸುತ್ತಿದ್ದ. ಇನ್ನೊಬ್ಬಳು ಎರಡು ಡಬ್ಬಿ ಊಟ ಮುಗಿಸಿ ಮೂರನೆಯದರ ಮುಚ್ಚಳ ತೆಗೆಯುತ್ತಿದ್ದಳು. ಇವರು ಅಲ್ಲಿನ ಸಾಹೇಬರನ್ನು ಕೇಳಿದರಂತೆ, "ಇದು ಆಫೀಸೋ, ಆಸ್ಪತ್ರೆಯೋ? ಡಾಕ್ಟರನ್ನ ಕರೆಸ್ಲಾ?"

ಎಲ್ಲ ವರದಿ ವಾಪಸ್ಸು. ಆದರೆ ಆ ಮಾತು ಮಾತ್ರ ನೆಗಡಿಯ ಹಾಗೆ ಹರಡಿತು. ಎಲ್ಲ ಆಫೀಸಿನವರೂ ಅದನ್ನೇ ಬರೆಯಲು ಶುರು ಮಾಡಿದರು. ಪ್ರತಿ ಸಲ ಇವರು ಆಕ್ಷೇಪಣೆ ಕಳಿಸಬೇಕು. ಆಕ್ಷೇಪಣೆಯಲ್ಲಿ ಮೊದಲು ಅವರು ಬರೆದದ್ದನ್ನು ಪೂರ್ತಿ ಟೈಪು ಮಾಡಬೇಕು, ಕೆಳಗೆ "ಇದನ್ನು ಒಪ್ಪಲಾಗದು" ಎಂದು ಹಾಕಬೇಕು. ಮಂಡಳಿಯ ಟೈಪಿಸ್ಟು ಅದನ್ನು ಎಷ್ಟು ಸಲ ಹೊಡೆದಿದ್ದಳೆಂದರೆ ಲೆಕ್ಕವೇ ಇಲ್ಲ.

ಇನ್ನೊಂದು ವಿಷಯ. ಮೊದಲೆಲ್ಲ ಈ ವರದಿ ಗುಟ್ಟಾಗಿ ಇರುತ್ತಿತ್ತು. ಯಾರ ಬಗ್ಗೆ ಬರೆದಿದೆಯೋ ಅವರಿಗೇ ಕಾಣುತ್ತಿರಲಿಲ್ಲ. ನಮ್ಮ ಯಜಮಾನರು ಜಗಳ ಆಡಿ ಆಡಿ ಅದನ್ನು ತೋರಿಸುವ ಹಾಗೆ ಮಾಡಿದರು. ಓದಿ "ಒಪ್ಪಿದೆ" ಎಂದು ಸಹಿ ಹಾಕಬೇಕು, ಇಲ್ಲವೇ ಒಪ್ಪುವುದಿಲ್ಲ ಎನ್ನಬೇಕು. ಆ ಮನುಷ್ಯ ಇಲ್ಲದಿದ್ದರೆ ಮನೆಯವರಿಗೆ ತೋರಿಸಬೇಕು. "ಮನೆಯವರಿಗೆ ಯಾಕೆ ಬೇಕು?" ಎಂದು ನಾನು ಕೇಳಿದ್ದೆ. "ಸತ್ತೋನ ಮೇಲೆ ಬುರುಡೆ ಬಿಡೋದು ಸುಲಭ, ಅದಕ್ಕೆ" ಎಂದಿದ್ದರು.

ಅವರು ತೀರಿಕೊಂಡ ವರ್ಷ ಮೊದಲ ಸರದಿ ನನ್ನದು. ನಮ್ಮ ರಜಾ ದಿನ ಇನ್ನೂ ಬಂದಿರಲಿಲ್ಲ. ಒಂದು ಬೆಳಗ್ಗೆ ಅವರು ಬೂಟಿನ ದಾರ ಕಟ್ಟಲು ಬಗ್ಗಿದರು. ಏಳಲಿಲ್ಲ. ಅಷ್ಟೆ. ಅದಕ್ಕೂ ಮೊದಲು ಒಂದೆರಡು ಸಲ ಎದೆ ಹಿಡಿದುಕೊಂಡಿದ್ದರು. ಕೇಳಿದರೆ ಗ್ಯಾಸು ಎನ್ನುತ್ತಿದ್ದರು.

ಆ ದಿನ ಹಾಕಿಕೊಂಡಿದ್ದ ಪ್ಯಾಂಟಿನ ಜೇಬಿನಲ್ಲಿ ಒಂದು ಕಪ್ಪು ಗುಂಡಿ ಇತ್ತು. ದುಂಡಗೆ, ಸುತ್ತ ಗೀರು ಗೀರು. ಆ ಗುಂಡಿ ನನಗೆ ಹೊಸದಲ್ಲ. ವರ್ಷಗಟ್ಟಲೆ ಬಟ್ಟೆ ಒಗೆಯುವಾಗ ಜೇಬಲ್ಲಿ ಸಿಗುತ್ತಿತ್ತು. ಏನು ಎಂದು ಕೇಳಿದರೆ, "ಅದು ನನ್ನ ಅಧಿಕಾರ" ಎಂದು ನಗುತ್ತಿದ್ದರು. ನಾನು ಅದನ್ನು ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ಹೊರಗೆ ಹೋದಾಗ ಕೈ ಹಾಕಿ ಮುಟ್ಟಿ ನೋಡುತ್ತಿದ್ದೆ.

ಆಮೇಲೆ ಟೈಪಿಸ್ಟು ಮನೆಗೆ ಬಂದಳು. ಕಪ್ಪು ಚೌಕಟ್ಟಿನ ಕನ್ನಡಕದ, ಮೆಲ್ಲಗೆ ಮಾತಾಡುವ ಹೆಂಗಸು. ಹೋದ ವರ್ಷದ ವರದಿ ಬಾಕಿ ಇತ್ತಂತೆ. ಮಂಡಳಿಯ ನಿರ್ದೇಶಕರು ಬರೆದಿದ್ದಾರಂತೆ. ನಾನು ಸಹಿ ಹಾಕಬೇಕಂತೆ. ಆಗ ನನ್ನ ನಾದಿನಿಯೂ ಇದ್ದಳು. ಅವಳು ದರ್ಜಿ. ನಾಲಿಗೆಯೂ ಕತ್ತರಿಯೇ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು.

"ದರ್ಜೆ ಅತ್ಯುತ್ತಮ. ಇವರು ಮೃದುಭಾಷಿ..." ನಾದಿನಿ ನಿಲ್ಲಿಸಿದಳು. "ಅತ್ತಿಗೆ, ಇದು ಅಣ್ಣಂದೇನಾ?"

"ಮುಂದೆ ಓದು."

"ವಿಧೇಯ. ಸಮಯಪಾಲಕ..." ಅವಳು ಕಾಗದ ತಿರುಗಿಸಿ ಹಿಂದೆ ನೋಡಿದಳು. "ಬೇರೆ ಯಾರ್ದೋ ಕೊಟ್ಟಿದ್ದಾರೆ. ನಮ್ಮಣ್ಣ ಮೃದುಭಾಷಿ ಆಗಿದ್ರೆ ಪಕ್ಕದ ಮನೆಯೋರು ಯಾಕೆ ಮನೆ ಬದಲಾಯಿಸ್ತಿದ್ರು?"

"ಮುಂದೆ ಓದು."

"ಮೇಲಧಿಕಾರಿಗಳಿಗೆ ಎಂದೂ ಎದುರಾಡಿದವರಲ್ಲ. ಒಂದೇ ಕೊರತೆ ಎಂದರೆ, ಕೆಲಸದ ಭರದಲ್ಲಿ ತಮ್ಮ ಆರೋಗ್ಯದ ಕಡೆ..." ಅವಳು ಪೂರ್ತಿ ಮಾಡಲಿಲ್ಲ.

ನಾನು ಟೈಪಿಸ್ಟನ್ನು ನೋಡಿದೆ. ಅವಳು ನೆಲ ನೋಡಿದಳು.

"ಅಕ್ಕಾ, ಬೈಬೇಡಿ. ಸಾಹೇಬ್ರು ಬರಿಯೋಕೆ ಕೂತ್ರು, ಅಳು ಬಂತು, ಆಗಲಿಲ್ಲ. 'ನೀನೇ ಚೆನ್ನಾಗಿ ಬರಿಯಮ್ಮ' ಅಂದ್ರು. ನನಗೂ ಕಣ್ಣು ಮಂಜು. ಮಿಷಿನ್ ಮುಂದೆ ಕೂತೆ. ಬೆರಳು ತಾನಾಗೇ ಹೊಡೀತು. ಅದಕ್ಕೆ ಅದೇ ಅಭ್ಯಾಸ. ಸಾಹೇಬ್ರು ನೋಡದೇ ಸಹಿ ಮಾಡಿದ್ರು."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ಆ ಕಾಗದದ ಮೇಲೆ ಬಂತು. ಅವರು ಜೀವಮಾನವೆಲ್ಲ ಯಾವ ಮಾತನ್ನು ವಾಪಸ್ಸು ಕಳಿಸಿದರೋ ಅದೇ ಮಾತನ್ನು ಅವರ ತಲೆಗೆ ಕಟ್ಟಿದ್ದರು. ನಾನು ಒಪ್ಪಿದೆ ಎಂದು ಬರೆದರೆ ಬೀರುವಿನಲ್ಲಿ ಒಬ್ಬ ವಿಧೇಯ ಮೃದುಭಾಷಿ ಶಾಶ್ವತವಾಗಿ ಉಳಿಯುತ್ತಾನೆ. ನನ್ನ ಗಂಡ ಇದ್ದರು ಎನ್ನುವುದಕ್ಕೆ ಎಲ್ಲೂ ಏನೂ ಉಳಿಯುವುದಿಲ್ಲ. ಮನುಷ್ಯ ಹೋದದ್ದು ಸಾಲದೆಂದು ಅವರ ಜಾಗಕ್ಕೆ ಬೇರೆಯವನನ್ನು ತಂದು ಕೂರಿಸುವುದೇ?

"ಸಹಿ ಹಾಕಲ್ಲ" ಎಂದೆ.

"ಅಕ್ಕಾ, ಅತ್ಯುತ್ತಮ ಕೊಟ್ಟಿದ್ದಾರೆ!"

"ಅದಕ್ಕೇ ಹಾಕಲ್ಲ."

ಮರುದಿನ ಆಫೀಸಿಗೆ ಹೋದೆ. ನಾದಿನಿ ಜೊತೆಗೆ ಬಂದಳು. ಹಳೆಯ ಕಟ್ಟಡ, ಕಡಿದಾದ ಮೆಟ್ಟಿಲು. ನಿರ್ದೇಶಕರು ಸಣ್ಣ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಎದ್ದು ನಿಂತು ಕುರ್ಚಿ ಕೊಟ್ಟರು. ಅವರ ಕಣ್ಣೂ ಒದ್ದೆಯಾಯಿತು.

"ಹೇಳಿಮ್ಮ. ಏನಾಗಬೇಕು?"

"ವರದಿ ಸರಿಯಿಲ್ಲ."

"ಇದಕ್ಕಿಂತ ಮೇಲಿನ ದರ್ಜೆ ಇಲ್ಲಮ್ಮ."

"ಮೇಲಿಂದಲ್ಲ. ಕೆಳಗೆ ಇಳಿಸಿ."

ಅವರು ನಾದಿನಿಯ ಮುಖ ನೋಡಿದರು. ದುಃಖದಲ್ಲಿ ನನಗೆ ಸ್ವಲ್ಪ ಹೆಚ್ಚುಕಮ್ಮಿ ಆಗಿದೆಯೋ ಎಂದು ಕೇಳುವ ಹಾಗೆ. ನಾದಿನಿ, "ಇಲ್ಲ ಸಾರ್, ಅತ್ತಿಗೆ ಮೊದ್ಲಿಂದಲೂ ಹೀಗೇ" ಎಂದಳು.

"ಅವರ ತಪ್ಪು ಬರೀರಿ" ಎಂದೆ. "ಅವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತಿದ್ರು? ನಿಮ್ಮ ಜೊತೆ ಜಗಳ ಆಡ್ತಿದ್ರಾ ಇಲ್ವಾ?"

"ಬಿಡಿಮ್ಮ, ಅದೆಲ್ಲ ಈಗ್ಯಾಕೆ? ಹೋದೋರ ಬಗ್ಗೆ ಒಳ್ಳೇದೇ ಆಡ್ಬೇಕು. ನನ್ನ ಬಾಯಲ್ಲಿ ಕೆಟ್ಟ ಮಾತು ಬರಲ್ಲ."

"ಹಾಗಾದ್ರೆ ನೀವು ಅವರನ್ನ ನೋಡೇ ಇಲ್ಲ."

ನನ್ನ ಬಾಯಲ್ಲಿ ಅವರ ಮಾತು ಬಂದದ್ದು ಕೇಳಿ ನಿರ್ದೇಶಕರು ತಲೆ ಎತ್ತಿದರು. ಮೂಲೆಯಲ್ಲಿ ಟೈಪಿನ ಸದ್ದೂ ನಿಂತಿತು. ನಾನು ಆಕ್ಷೇಪಣೆ ಕೊಟ್ಟು ಬಂದೆ.

ಈಗ ಅವರಿಗೆ ತಲೆನೋವು. ಮಂಡಳಿಯ ವರದಿಯನ್ನು ಮಂಡಳಿಯವರೇ ವಿಚಾರಿಸುವ ಹಾಗಿಲ್ಲ. ಹೊರಗಿನವರು ಬೇಕು, ಅವರಿಗೂ ನಮ್ಮ ಯಜಮಾನರಿಗೂ ಯಾವ ಸಂಬಂಧವೂ ಇರಬಾರದು. ಒಬ್ಬ ದೊಡ್ಡ ಸಾಹೇಬರನ್ನು ಕೇಳಿದರಂತೆ. "ನನ್ನ ವರದಿ ಹದಿನಾರು ಸಲ ವಾಪಸ್ ಕಳಿಸಿದ ಮನುಷ್ಯ. ನಾನು ಬಂದ್ರೆ ನ್ಯಾಯ ಸಿಗಲ್ಲ" ಎಂದರಂತೆ. ಇನ್ನೊಬ್ಬರನ್ನು ಕೇಳಿದರೆ, "ಅವರಿಂದಲೇ ನನಗೆ ಬಡ್ತಿ ಸಿಕ್ಕಿದ್ದು. ನಾನು ಬಂದ್ರೂ ನ್ಯಾಯ ಸಿಗಲ್ಲ" ಎಂದರಂತೆ. ಅವರು ಕೊಕ್ಕೆ ಹಾಕದ ಆಫೀಸು ಒಂದೂ ಇರಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದು ನಿವೃತ್ತಿಯಾದ ಒಬ್ಬ ಅಮ್ಮ ಸಿಕ್ಕಿದರು. ಅವರು ನಮ್ಮ ಯಜಮಾನರ ಹೆಸರೇ ಕೇಳಿರಲಿಲ್ಲ. ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಿದ್ದರು.

ವಿಚಾರಣೆಯ ದಿನ ಮಂಡಳಿಯ ದೊಡ್ಡ ಕೋಣೆಯಲ್ಲಿ ಸೇರಿದೆವು. ಕಿಟಕಿಯ ಪಕ್ಕ ಅವರ ಕುರ್ಚಿ ಹಾಗೇ ಇತ್ತು. ಯಾರೂ ಕೂತಿರಲಿಲ್ಲ. ಆ ಕುರ್ಚಿಯ ನೆತ್ತಿಗೆ ಸರಿಯಾಗಿ ಒಂದು ಫ್ಯಾನು ಗಿರಗಿರ ತಿರುಗುತ್ತಿತ್ತು. ಹೊರಗೆ ಚಳಿ. ಎಲ್ಲರ ಕಾಗದದ ಮೇಲೂ ಕಲ್ಲು, ಲೋಟ, ಬೀಗ, ಕೈಗೆ ಸಿಕ್ಕಿದ್ದು ಹೇರಿದ್ದರು. ನಾದಿನಿ ಸೆರಗು ಹೊದ್ದುಕೊಂಡಳು. "ಇವರೇನು, ಹಪ್ಪಳ ಒಣಗಿಸ್ತಾರಾ?" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನರ್ಸಮ್ಮ ದಪ್ಪ ಹೆಂಗಸು. ಕೂತ ಕೂಡಲೆ ವಿಷಯಕ್ಕೆ ಬಂದರು.

"ಆಕೆ ಹೇಳ್ತಿರೋದು, ಈ ವರದಿಯಲ್ಲಿರೋ ಮನುಷ್ಯ ತನ್ನ ಗಂಡ ಅಲ್ಲ ಅಂತ. ನೀವೆಲ್ಲ ಜೊತೇಲಿ ಕೆಲಸ ಮಾಡಿದೋರು. ಒಬ್ಬೊಬ್ರು ಅವರದೊಂದು ತಪ್ಪು ಹೇಳಿ. ಹೇಳಿದ್ರೆ ತಿದ್ದೋಣ. ಇಲ್ಲಾಂದ್ರೆ ಇದೇ ಇರಲಿ."

ಮೊದಲು ಜವಾನ. ಕೈ ಕಟ್ಟಿಕೊಂಡು, "ದೇವರಂಥೋರು" ಎಂದ.

"ದೇವರನ್ನ ನಾನು ನೋಡಿಲ್ಲ. ತಪ್ಪು ಹೇಳು."

"ಇಲ್ಲಮ್ಮ. ದೇವರಂಥೋರು."

ಟೈಪಿಸ್ಟು ಮೂಗು ಒರೆಸಿಕೊಂಡಳು. "ತಂದೆ ಇದ್ದ ಹಾಗಿದ್ರು" ಎಂದಳು. ನಿರ್ದೇಶಕರು ಎದ್ದು, "ಅಂಥ ಸಹೋದ್ಯೋಗಿ ಇನ್ನು ಸಿಗಲ್ಲ" ಎಂದು ಕೂತರು.

ನರ್ಸಮ್ಮ ಪೆನ್ನಿನ ಮುಚ್ಚಳ ಹಾಕಿದರು. ಎಲ್ಲರೂ ಸೇರಿ ಆ ಮೃದುಭಾಷಿಯನ್ನೇ ಗೆಲ್ಲಿಸಿಬಿಡುತ್ತಾರೆ. ಇವರಿಗೆ ಅವರ ಮೇಲೆ ಪ್ರೀತಿ ಇದೆ, ಅದೇ ತೊಂದರೆ. ಪ್ರೀತಿ ಇದ್ದವರ ಬಾಯಿ ಬಿಡಿಸಬೇಕಾದರೆ ಸಿಟ್ಟು ಬರಿಸಬೇಕು. ಅದು ನನಗೆ ಚೆನ್ನಾಗಿ ಬರುತ್ತದೆ.

"ನಾನೊಂದು ಮಾತು ಹೇಳ್ಬಹುದಾ?" ಎಂದೆ.

"ಹೇಳಿ."

"ನಮ್ಮ ಯಜಮಾನ್ರು ಮನೇಲಿ ನಿರ್ದೇಶಕರ ವಿಷಯ ತುಂಬ ಹೇಳ್ತಿದ್ರು."

ನಿರ್ದೇಶಕರು ಕತ್ತು ಉದ್ದ ಮಾಡಿದರು. "ಏನು ಹೇಳ್ತಿದ್ರಮ್ಮ?"

"ಎಷ್ಟು ಮೆತ್ತಗೆ ಅಂದ್ರೆ, ಅವರು ಕುರ್ಚೀಲಿ ಕೂತ್ರೆ ಯಾರೋ ದಿಂಬು ಇಟ್ಟು ಹೋದ ಹಾಗೆ ಕಾಣ್ಸುತ್ತೆ ಅಂತ. ಆಫೀಸು ನಡೆಸೋದೆಲ್ಲ ನಾನೇ, ಅವರು ಬರೀ ರಬ್ಬರ್ ಸ್ಟಾಂಪು ಅಂತ."

ಅವರು ಹಾಗೆ ಒಂದು ದಿನವೂ ಹೇಳಿರಲಿಲ್ಲ. ಅದು ನಾನು ಅಲ್ಲೇ ಹೊಸೆದದ್ದು. ನಾದಿನಿಗೆ ಗೊತ್ತಾಯಿತು. ಕೆಮ್ಮಿದಳು.

ನಿರ್ದೇಶಕರ ಕಿವಿ ಮೊದಲು ಕೆಂಪಾಯಿತು. ಆಮೇಲೆ ಕತ್ತು. ಆಮೇಲೆ ಅವರು ಎದ್ದು ನಿಂತರು.

"ದಿಂಬು? ನಾನು ದಿಂಬು? ಅವರೇನು ಹೇಳೋದು! ಬೆಳಗಿನ ಚಹಾ ಮುಗಿದು ಲೋಟ ತೊಳೆದು ಮಗುಚಿಟ್ಟ ಮೇಲೆ ಬರ್ತಿದ್ದ ಮನುಷ್ಯ! ಕೇಳಿದ್ರೆ, 'ಬಂದಿದ್ದೀನಲ್ಲ' ಅನ್ನೋರು!"

"ಬರ್ಕೊಳಿ" ಎಂದೆ ನರ್ಸಮ್ಮನಿಗೆ. ಅವರು ಪೆನ್ನು ತೆಗೆದಿದ್ದರು.

"ನನ್ನ ರಜಾ ಅರ್ಜಿಗೂ ಕೊಕ್ಕೆ ಹಾಕಿದ್ರು! ನಾನು ನಿರ್ದೇಶಕ! 'ತಲೆನೋವು ಅಂತ ಬರ್ದಿದ್ದೀರಿ, ಎಡಗಡೆಯೋ ಬಲಗಡೆಯೋ ಬರ್ದಿಲ್ಲ' ಅಂತ ವಾಪಸ್ ಕಳಿಸಿದ್ರು! ಮಂತ್ರಿಗಳ ಮುಂದೆ ನಾನು ಮಾತಾಡ್ತಿದ್ರೆ ಹಿಂದೆ ಕೂತು 'ಊಹೂಂ' ಅನ್ನೋರು! ಎದುರಾಡಿದವರಲ್ಲ ಅಂತೆ! ಯಾರು ಬರ್ದಿದ್ದು ಇದನ್ನ?"

"ನೀವೇ ಸಾರ್ ಸಹಿ ಹಾಕಿರೋದು" ಎಂದಳು ಟೈಪಿಸ್ಟು. ಆಮೇಲೆ ಅವಳಿಗೂ ಧೈರ್ಯ ಬಂತು. "ಮಧ್ಯಾಹ್ನ ನಿದ್ದೆ ಮಾಡೋರು ಮೇಡಂ. ಗೊರಕೆ ಹೊಡೆಯೋರು. ನಾನು ಮಿಷಿನ್ ಹೊಡೆದ್ರೆ, 'ಮೆಲ್ಲಗೆ ಹೊಡಿ, ನಾನು ಯೋಚನೆ ಮಾಡ್ತಿದ್ದೀನಿ' ಅನ್ನೋರು."

"ನನ್ನ ಬೀಡಿ ಕಿತ್ಕೊಂಡು ಕಿಟಕಿಯಿಂದಾಚೆ ಹಾಕೋರು" ಎಂದ ಜವಾನ. "ಆಮೇಲೆ ಕೆಳಗೆ ಹೋಗಿ ಕಸ ಅಲ್ಲಿ ಬಿದ್ದಿದೆ ಅಂತ ನನಗೇ ಬೈಯೋರು!"

"ನೀನು ದೇವರಂಥೋರು ಅಂದೆ" ಎಂದರು ನರ್ಸಮ್ಮ.

"ಅದೂ ಹೌದಮ್ಮ."

ನಿರ್ದೇಶಕರದು ಇನ್ನೂ ಮುಗಿದಿರಲಿಲ್ಲ. ಕೈಯನ್ನು ಮೇಲಕ್ಕೆ ಚಾಚಿದರು.

"ಆ ಫ್ಯಾನು ನೋಡಿ! ತಮಗೆ ಸೆಕೆ ಅಂತ ಜೋರಾಗಿ ಹಾಕಿ, ಯಾರೂ ಕಮ್ಮಿ ಮಾಡ್ಬಾರದು ಅಂತ ಗೋಡೆಯಲ್ಲಿದ್ದ ರೆಗ್ಯುಲೇಟರಿನ ಗುಂಡಿ ಕಿತ್ತು ಜೇಬಲ್ಲಿ ಇಟ್ಕೋತಿದ್ರು. ಸಂಜೆ ಹೋಗುವಾಗ ಸ್ವಿಚ್ಚು ಆರಿಸಿ, ಗುಂಡಿ ಮನೆಗೆ ತಗೊಂಡು ಹೋಗೋರು. ಈಗ ಅವರು ಹೋದ್ರು, ಗುಂಡಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಈ ಕೋಣೆಯ ಫ್ಯಾನು, ದೀಪ ಎಲ್ಲ ಒಂದೇ ಸ್ವಿಚ್ಚು. ದೀಪ ಹಾಕಿದ್ರೆ ಅದೂ ತಿರುಗುತ್ತೆ. ಚಳಿಯಲ್ಲಿ ನಡುಗ್ತಾ ಕೆಲಸ ಮಾಡ್ತಿದ್ದೀವಿ!"

ನಾನು ಕೈಚೀಲಕ್ಕೆ ಕೈ ಹಾಕಿದೆ. ಕಪ್ಪು ಗುಂಡಿ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ.

"ಇದಾ?"

ಮೊದಲು ನಕ್ಕವರು ನರ್ಸಮ್ಮ. ಅವರ ಹೊಟ್ಟೆ ಕುಲುಕಿ ಮೇಜು ಅಲುಗಾಡಿತು. ಜವಾನ ಗೋಡೆಗೆ ಒರಗಿ ಕೂತೇಬಿಟ್ಟ. ಟೈಪಿಸ್ಟು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನಿರ್ದೇಶಕರು ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿಯಲಿಲ್ಲ. ಆ ಸದ್ದಿನ ನಡುವೆ ನನಗೆ ಕಿಟಕಿಯ ಪಕ್ಕದ ಕುರ್ಚಿ ಖಾಲಿ ಅನ್ನಿಸಲಿಲ್ಲ. ಬೂಟಿನ ದಾರ ಕಟ್ಟಲು ಬಗ್ಗಿದವರು ಎದ್ದು ಬಂದು ಕೂತ ಹಾಗಿತ್ತು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ನರ್ಸಮ್ಮ ಹಳೆಯ ವರದಿಯನ್ನು ಎತ್ತಿ ಹಿಡಿದರು.

"ಇದು ಪೂರ್ತಿ ಹೊಡೆದು ಹಾಕ್ತೀನಿ. ಸರಿನಾಮ್ಮ?"

"ಕೊನೇ ಸಾಲು ಬಿಡಿ" ಎಂದೆ.

ಅವರು ಓದಿಕೊಂಡರು. "ಆರೋಗ್ಯದ ಕಡೆ ಗಮನ ಕೊಡುವುದಿಲ್ಲ. ಇದೂ ನಕಲು ತಾನೇ? ಎಲ್ಲರಿಗೂ ಇದನ್ನೇ ಬರೀತಾರೆ ಅಂತ ನೀವೇ ಆಕ್ಷೇಪಣೆಯಲ್ಲಿ ಹೇಳಿದ್ದೀರಿ."

"ಎಲ್ಲರಿಗೂ ಬರೆದಿದ್ದು ಸುಳ್ಳು. ಇವರದು ನಿಜ. ಎದೆ ನೋವು ಅಂದ್ರೆ ಗ್ಯಾಸು ಅಂತಿದ್ರು. ಈ ವರ್ಷ ನನ್ನ ಸರದಿ ಬಂದಾಗ ಮೊದಲು ಇದನ್ನೇ ಹೇಳೋಣ ಅಂತಿದ್ದೆ."

ನರ್ಸಮ್ಮ ಆ ಸಾಲಿನ ಪಕ್ಕ ಒಂದು ಗುರುತು ಹಾಕಿ ಉಳಿಸಿದರು. ಆಸ್ಪತ್ರೆಯಲ್ಲಿ ಅಂಥ ಗಂಡಸರನ್ನು ತುಂಬ ನೋಡಿದ್ದರೇನೋ. ತಲೆ ಮಾತ್ರ ಅಲ್ಲಾಡಿಸಿದರು.

"ಇನ್ನು ಒಳ್ಳೇದೂ ಒಂದು ಬೇಕಲ್ಲ" ಎಂದರು. "ಬರೀ ತಪ್ಪೇ ಬರೆದ್ರೂ ವಾಪಸ್ ಕಳಿಸ್ತಿದ್ರಂತೆ ಈ ಮನುಷ್ಯ."

ನಿರ್ದೇಶಕರು ಹೇಳಿದರು. ಈ ಸಲ ಇಸ್ತ್ರಿ ಮಾಡಿದ ದನಿ ಅಲ್ಲ. "ಯಾರ ಮುಖ ನೋಡಿಯೂ ಒಂದು ಅಕ್ಷರ ಬದಲಾಯಿಸಲಿಲ್ಲ. ನನ್ನ ಮುಖ ನೋಡಿಯೂ."

ಅದನ್ನು ಬರೆದರು.

"ದರ್ಜೆ?" ಎಂದು ನರ್ಸಮ್ಮ ಕೇಳಿದರು. ಕೇಳಿದ್ದು ನಿರ್ದೇಶಕರನ್ನು. ಆದರೆ ಬಾಯಿ ತೆರೆದದ್ದು ನಾನು.

"ಸಾಧಾರಣ."

ನಾದಿನಿ ನನ್ನ ತೊಡೆ ಚಿವುಟಿದಳು. ನಿರ್ದೇಶಕರು, "ಆಗಲ್ಲಮ್ಮ, ಉತ್ತಮ" ಎಂದರು. ನಾನು ಸಾಧಾರಣ ಎಂದೆ. ಅವರು ಉತ್ತಮ ಎಂದರು. ಮೆತ್ತಗಿನ ಮನುಷ್ಯ ಮೇಜು ಕುಟ್ಟಿದರು. ಕೊನೆಗೆ ನರ್ಸಮ್ಮ, ವರದಿ ಬರೆಯುವ ಅಧಿಕಾರ ನಿರ್ದೇಶಕರದು, ಹೆಂಡತಿಯದಲ್ಲ ಎಂದು ತೀರ್ಮಾನ ಕೊಟ್ಟರು. ಉತ್ತಮ ಎಂದಾಯಿತು. ಟೈಪಿಸ್ಟು ಹೊಸದಾಗಿ ಟೈಪು ಮಾಡಿದಳು. ಒಂದೊಂದೇ ಅಕ್ಷರ, ಬೆರಳನ್ನೇ ನೋಡಿಕೊಂಡು. ನಾನು ಓದಿಸಿ ಕೇಳಿ, "ಒಪ್ಪಿದೆ" ಎಂದು ಬರೆದು ಸಹಿ ಹಾಕಿದೆ. ಆ ಮನುಷ್ಯ ನನಗೆ ಗೊತ್ತಿದ್ದವರು.

ಗುಂಡಿಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡೆ.

"ಅಮ್ಮ, ಅದು ಸರ್ಕಾರದ್ದು" ಎಂದರು ನಿರ್ದೇಶಕರು.

"ಅರ್ಜಿ ಕೊಡಿ. ನೋಡ್ತೀನಿ."

ಹೊರಗೆ ಬಂದು ಮೆಟ್ಟಿಲು ಇಳಿಯುತ್ತಿದ್ದೆವು. ನಾದಿನಿ ಮುಂದೆ, ನಾನು ಹಿಂದೆ. ಮೇಲೆ ಬಾಗಿಲು ತೆರೆದ ಸದ್ದಾಯಿತು. ಗುಂಡಿ ಕೇಳಲು ಬಂದರು ಎಂದು ಚೀಲ ಬಿಗಿಹಿಡಿದೆ. ನಿರ್ದೇಶಕರು ಮೆಟ್ಟಿಲ ಕಂಬಿ ಹಿಡಿದು ಬಗ್ಗಿ, ಏದುಸಿರು ಬಿಡುತ್ತ ಕೂಗಿದರು.

"ಅಮ್ಮಾ! ಇನ್ನೊಂದು ತಪ್ಪು ನೆನಪಾಯ್ತು!"

ನಾದಿನಿ, "ಮುಗೀತಲ್ಲ ಸಾರ್, ಸಹಿ ಆಯ್ತು" ಎಂದಳು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ನೀನು ಸುಮ್ನಿರು" ಎಂದೆ ಅವಳಿಗೆ. "ಹೇಳಿ ಸಾರ್. ನಿಧಾನವಾಗಿ ಹೇಳಿ."